ಹುಬ್ಬಳ್ಳಿಯಿಂದ ಒಂದೇ ದಿನದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ರಾಣೆಬೆನ್ನೂರು ಕೃಷ್ಣಮೃಗ ಧಾಮ ಎರಡನ್ನೂ ನೋಡಬಹುದಾ? ಮೊದಲು ಯಾವುದು?

ನೋಡಬಹುದು. ಬೆಳಿಗ್ಗೆ ಮಾಗಡಿ, ಸಂಜೆ ರಾಣೆಬೆನ್ನೂರು. ಉಲ್ಟಾ ಮಾಡಿದರೆ ಎರಡೂ ಕೈತಪ್ಪುವ ಸಾಧ್ಯತೆ ಜಾಸ್ತಿ.

ಕಾರಣ ಇಷ್ಟೇ: ಪ್ರಾಣಿಗಳ ಊಟದ ಹೊತ್ತು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮೀನು ಹಿಡಿಯುವ ಹಕ್ಕಿಗಳಲ್ಲ, ಮೇಯುವ ಹಕ್ಕಿಗಳು. ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬಿಸಿಲೇರುತ್ತಿದ್ದಂತೆ ಹಿಂಡು ಹಿಂಡಾಗಿ ಕೆರೆಗೆ ಇಳಿಯುತ್ತವೆ. ಆ ಇಳಿಯೋದನ್ನೇ ನೋಡಬೇಕು! ಹಾಗಾಗಿ ಕತ್ತಲಿದ್ದಾಗಲೇ ಹೊರಟು ಲಕ್ಷ್ಮೇಶ್ವರದ ಮೇಲೆ ಹೋಗಿ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಬೈನಾಕ್ಯುಲರ್ ಮರೆಯಬೇಡಿ.

ಕೃಷ್ಣಮೃಗಗಳು ಮಧ್ಯಾಹ್ನ ನೆರಳು ಹಿಡಿದು ಮಲಗುತ್ತವೆ, ಆಗ ಹೋದರೆ ಸುಮ್ನೆ ಪೊದೆ ನೋಡಿ ಬರಬೇಕು. ಬಿಸಿಲಿಳಿದ ಮೇಲೆ ಬಯಲಿಗೆ ಬರುತ್ತವೆ. ಧಾಮ ಮುಚ್ಚುವ ಸಮಯ ಮಾತ್ರ ಮೊದಲೇ ಕೇಳಿಕೊಳ್ಳಿ. ವಾಪಸ್ ಬರಲು ಹಾವೇರಿ ಮೇಲೆ ಹೆದ್ದಾರಿ ಇದೆ.