‘ಹಲೋ, ಕೇಳಿಸ್ತಿದೆಯಾ?’ ಅಂದರೆ ಯಾರೂ ಮಾತಾಡಲ್ಲ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ 28 ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಈಗ ಬೆಂಗಳೂರಿನ ಐಟಿ ಉದ್ಯೋಗಿಗಳಿಗೆ ವಾರಕ್ಕೆ ಮೂರು ದಿನ, ರಾತ್ರಿ 8ಕ್ಕೆ ಜೂಮ್‌ನಲ್ಲಿ ಕನ್ನಡ ಕಲಿಸುತ್ತೇನೆ. ಎಲ್ಲರೂ ಹೊರ ರಾಜ್ಯದವರು. ಹದಿನಾಲ್ಕು ಜನ ಸೇರಿದ್ದರು, ಮೂರನೇ ವಾರಕ್ಕೆ ಐದೇ ಜನ. ಅವರೂ ಕ್ಯಾಮೆರಾ ಹಾಕುವುದಿಲ್ಲ, ಬಾಯಿ ಬಿಡುವುದಿಲ್ಲ, ಹೋಂವರ್ಕ್ ಮಾಡುವುದಿಲ್ಲ. ಬಾರದವರು ‘ರೆಕಾರ್ಡಿಂಗ್ ಕಳಿಸಿ’ ಅನ್ನುತ್ತಾರೆ. ಒಬ್ಬರು ದಿನಾ ಕ್ಯಾಬ್‌ನಲ್ಲಿ ಕೂತೇ ಪಾಠ ಕೇಳುತ್ತಾರೆ. ವರ್ಣಮಾಲೆಯೇ ಇನ್ನೂ ಮುಗಿದಿಲ್ಲ. ಗೋಡೆಗೆ ಪಾಠ ಮಾಡಿದ ಹಾಗಾಗಿದೆ. ಬಿಟ್ಟುಬಿಡಲೇ?
– ಒಬ್ಬ ಶಿಕ್ಷಕಿ, ಮೈಸೂರು

ಉತ್ತರ: ಬಿಡಬೇಡಿ ಮೇಡಂ. ವರ್ಣಮಾಲೆಯನ್ನು ಮಾತ್ರ ಸದ್ಯಕ್ಕೆ ಬಿಡಿ.

ಐದೇ ಜನ ಉಳಿದರು ಅಂತ ಬೇಜಾರು ಬೇಡ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸುಗಳಿಗೆ 2017-18ರಲ್ಲಿ ಸೇರಿದವರಲ್ಲಿ ಪೂರ್ತಿ ಮುಗಿಸಿದವರು ನೂರಕ್ಕೆ ಸುಮಾರು ಮೂರು ಜನ. ನಿಮ್ಮದು ಎಷ್ಟೋ ವಾಸಿ ಅಲ್ವಾ?

ಅವರು ಬಾಯಿ ಬಿಡದಿರುವುದಕ್ಕೆ ದೊಡ್ಡ ಕಾರಣ ನಾಚಿಕೆ. ಹಗಲೆಲ್ಲ ಹತ್ತು ಜನರಿಗೆ ಕೆಲಸ ಹೇಳುವ ಮನುಷ್ಯ, ರಾತ್ರಿ ‘ನಮ್ಮ ಹಳ್ಳಿ’ ಅನ್ನಲು ಹೋಗಿ ‘ನಮ್ಮ ಹಲ್ಲಿ’ ಅನ್ನುತ್ತಾನೆ. ಶಾಲೆಯ ಮಗುವಾದರೆ ತಾನೂ ನಕ್ಕು ಮರೆತುಬಿಡುತ್ತದೆ. ಇವನು ಮರೆಯಲ್ಲ. ಮುಂದಿನ ಕ್ಲಾಸಿನಿಂದ ಮ್ಯೂಟ್. ಶಾಲೆಯಲ್ಲಿ ಎಲ್ಲರ ಜೊತೆ ದನಿ ಸೇರಿಸಿ ತಪ್ಪು ಮುಚ್ಚಿಕೊಳ್ಳಬಹುದಿತ್ತು. ಜೂಮ್‌ನಲ್ಲಿ ಒಟ್ಟಿಗೆ ಹೇಳಿಸಲು ಹೋದರೆ ದನಿಗಳು ಹಿಂದೆಮುಂದೆ ಆಗಿ ಸಂತೆಯಾಗುತ್ತದೆ. ಹಾಗಾಗಿ ಒಬ್ಬೊಬ್ಬರೇ ಹೇಳಬೇಕು, ಉಳಿದವರೆಲ್ಲ ಕೇಳಬೇಕು.

ನನ್ನ ಆನ್‌ಲೈನ್ ಕನ್ನಡ ಕ್ಲಾಸಿನಲ್ಲಿ ನಾನು ಮೊದಲು ಎಲ್ಲರನ್ನೂ ಮ್ಯೂಟ್‌ನಲ್ಲೇ ಜೋರಾಗಿ ಹೇಳಲು ಬಿಡುತ್ತೇನೆ. ಯಾರಿಗೂ ಕೇಳಿಸಲ್ಲ, ಆದರೆ ನಾಲಿಗೆ ಹೊರಳುತ್ತದೆ. ಆಮೇಲೆ ಇಬ್ಬರು, ಮೂವರಾಗಿ ಬ್ರೇಕ್‌ಔಟ್ ರೂಮಿಗೆ (ಜೂಮ್‌ನೊಳಗೇ ಇರುವ ಬೇರೆ ಬೇರೆ ಪುಟ್ಟ ಕೋಣೆಗಳಿಗೆ) ಕಳಿಸುತ್ತೇನೆ. ಹೋಂವರ್ಕ್ ಅಂದರೆ 20 ಸೆಕೆಂಡಿನ ವಾಟ್ಸ್ಯಾಪ್ ವಾಯ್ಸ್ ಮೆಸೇಜ್, ನನ್ನೊಬ್ಬರಿಗೇ, ಗ್ರೂಪಿಗಲ್ಲ. ತಿದ್ದುವುದೂ ಅಲ್ಲೇ.

ಕ್ಯಾಮೆರಾಗೆ ಹಟ ಮಾಡಬೇಡಿ. ಬೆಳಗಿನಿಂದ ಮೀಟಿಂಗಿನಲ್ಲೇ ಕೂತವರು ಅವರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಮೀಟಿಂಗಿನ ಸುಸ್ತಿಗೆ ಕೊಟ್ಟ ಕಾರಣಗಳಲ್ಲಿ ಒಂದು, ನಮ್ಮ ಮುಖ ನಾವೇ ನೋಡುತ್ತಾ ಕೂರುವುದು. ‘ಹೈಡ್ ಸೆಲ್ಫ್ ವ್ಯೂ’ ಒತ್ತಿದರೆ ತಮ್ಮ ಮುಖ ತಮಗೆ ಕಾಣಲ್ಲ. ಹೇಳಿಕೊಟ್ಟು ನೋಡಿ.

ಇನ್ನು ಪಾಠದ ವಿಷಯ, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಮೊದಲು 49 ಅಕ್ಷರ, ಆಮೇಲೆ ಮಿಕ್ಕಿದ್ದು ಅನ್ನುವುದು ಒಂದನೇ ಕ್ಲಾಸಿನ ಮಗುವಿಗೆ ಸರಿ. ಆ ಮಗು ಮನೆಯಲ್ಲೇ ಮಾತು ಕಲಿತು ಬಂದಿರುತ್ತದೆ. ಇವರು ಇವತ್ತು ರಾತ್ರಿಯೇ ಆಟೋದವರಿಗೆ ‘ಇಲ್ಲೇ ನಿಲ್ಸಿ’ ಅನ್ನಬೇಕು. ‘ಹೋಗುತ್ತೇನೆ’ ಆಮೇಲೆ ಬರಲಿ, ಮೊದಲು ‘ಹೋಗ್ತೀನಿ’. ನಾನೂ ಮೊದಲ ಬ್ಯಾಚಿಗೆ ಪುಸ್ತಕದ ಕನ್ನಡವನ್ನೇ ಕಲಿಸಿದ್ದೆ. ಒಬ್ಬರು ತರಕಾರಿ ಅಂಗಡಿಯಲ್ಲಿ ‘ಇದರ ಬೆಲೆ ಎಷ್ಟು?’ ಅಂತ ತಡವರಿಸುತ್ತಾ ಕೇಳಿದರಂತೆ. ಅಂಗಡಿಯಾಕೆ ಹಿಂದಿಯಲ್ಲಿ ಉತ್ತರ ಕೊಟ್ಟರಂತೆ! (ಇದರಲ್ಲಿ ನಮ್ಮವರ ತಪ್ಪೂ ಇದೆ. ಎದುರಿನವರು ತೊದಲಿದರೆ ಸಾಕು, ನಾವೇ ಭಾಷೆ ಬದಲಿಸಿಬಿಡುತ್ತೇವೆ.) ಅದಕ್ಕೇ ಈಗ ನನ್ನ ಎರಡನೇ ಪಾಠ ‘ಕನ್ನಡದಲ್ಲೇ ಹೇಳಿ, ಕಲೀತಾ ಇದ್ದೀನಿ’.

ಯಾರ ಮನೆಮಾತು ಏನು ಅಂತಲೂ ಕೇಳಿಟ್ಟುಕೊಳ್ಳಿ. ತಮಿಳಿನವರಿಗೆ ಎಷ್ಟೋ ಕಡೆ ‘ಪ’ ತೆಗೆದು ‘ಹ’ ಹಾಕಿ ನೋಡಿ ಅಂದರೆ ಸಾಕು: ಪಾಲ್ ಹಾಲಾಗುತ್ತದೆ, ಪೂ ಹೂವಾಗುತ್ತದೆ. ಮರಾಠಿಯವರಿಗೆ ‘ಳ’ ಮೊದಲೇ ಗೊತ್ತು. ಹಿಂದಿಯವರಿಗೆ ಅದಕ್ಕೇ ಜಾಸ್ತಿ ಟೈಮ್ ಬೇಕು.

ರೆಕಾರ್ಡಿಂಗ್ ಕೊಡಬೇಡಿ. ಎರಡು ವರ್ಷ ಕೊಟ್ಟು ನೋಡಿದ್ದೇನೆ. ಕೇಳಿದವರು ಕಡಿಮೆ, ‘ಆಮೇಲೆ ನೋಡಿದರಾಯ್ತು’ ಅಂತ ಕ್ಲಾಸ್ ತಪ್ಪಿಸಿದವರೇ ಜಾಸ್ತಿ.

ಆ ಕ್ಯಾಬ್‌ನವರ ಮೇಲೆ ಮಾತ್ರ ಸಿಟ್ಟು ಬೇಡ. ನನಗಂತೂ ಅಂಥವರೇ ಇಷ್ಟ. ಟ್ರಾಫಿಕ್ಕಿನಲ್ಲಿ ನಿಂತಾಗ ಅಂಗಡಿ ಬೋರ್ಡ್ ಓದಲು ಹೇಳಿ. 2024ರ ಕಾನೂನು ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಜೊತೆಗೆ ಇಂಗ್ಲಿಷ್ ಕೂಡ ಇದ್ದರೆ ತಾವು ಓದಿದ್ದು ಸರಿಯೋ ತಪ್ಪೋ ಅವರೇ ನೋಡಿಕೊಳ್ಳಬಹುದು. ನಿಮ್ಮ ವರ್ಣಮಾಲೆ ಅಲ್ಲಿಂದ ಶುರುವಾಗಲಿ. ‘ಬೇಕರಿ’ಯಲ್ಲಿ ಒತ್ತಕ್ಷರ ಇಲ್ಲ, ಮೊದಲ ದಿನಕ್ಕೆ ಅದು ಸಾಕು. ‘ಮೆಡಿಕಲ್ಸ್’ ಎರಡನೇ ವಾರಕ್ಕಿರಲಿ.