ಮೂರು ಮೀಟರ್‌ಗೆ ಇಷ್ಟು ಅವಸರ ಯಾಕೆ?

ಡೈವಿಂಗ್ ಕಲೀತಿರೋ 11 ವರ್ಷದ ಮಗಳನ್ನು ಕೋಚ್ ಇನ್ನೂ 1 ಮೀಟರ್ ಎತ್ತರದ ಬೋರ್ಡಿನಲ್ಲೇ ಇಟ್ಟಿದ್ದಾರೆ, 3 ಮೀಟರಿಗೆ ಬಿಟ್ಟಿಲ್ಲ, ಹಿಂದೆ ಬೀಳ್ತಾಳಾ ಅಂತ ಕೇಳಿದ್ದೀರಿ. ಬೀಳಲ್ಲ. ಕೋಚ್ ಮಾಡ್ತಿರೋದು ಸರಿ ಅಂತಲೇ ನನಗನಿಸುತ್ತೆ.

ಸ್ಪ್ರಿಂಗ್‌ಬೋರ್ಡಿನಲ್ಲಿ, ಅಂದ್ರೆ ಬಾಗಿ ಪುಟಿಯುವ ಈ ಹಲಗೆಯಲ್ಲಿ, ಅರ್ಧ ಕೆಲಸ ಗಾಳಿಗೆ ಏರುವ ಮೊದಲೇ ಮುಗಿದಿರುತ್ತೆ. ನಡೆದು ಬಂದು, ಒಂದು ಕಾಲಲ್ಲಿ ಜಿಗಿದು, ಎರಡೂ ಪಾದ ಹಲಗೆಯ ತುದಿಗೆ ಇಳಿಸ್ತಾರಲ್ಲ, ಆ ಹರ್ಡಲ್ ಗಮನಿಸಿ. ಹಲಗೆ ಬಾಗಿ ಮತ್ತೆ ಮೇಲಕ್ಕೆ ಎತ್ತುವವರೆಗೂ ಕಾಯಬೇಕು. ಹೊಸಬರು ಕಾಯಲ್ಲ, ಮುಂದಕ್ಕೆ ವಾಲಿಬಿಡ್ತಾರೆ. ಎತ್ತರ ಅಲ್ಲೇ ಹೋಯ್ತು. 1 ಮೀಟರಿನಲ್ಲಿ ಈ ಅಭ್ಯಾಸ ಕೂತರೆ 3 ಮೀಟರಿಗೂ ಅದೇ ಬರುತ್ತೆ, ತಪ್ಪು ಕೂತರೂ ಅಷ್ಟೇ.

ಅಂಕದ ಲೆಕ್ಕ ನೋಡಿ. 7 ತೀರ್ಪುಗಾರರಿದ್ದರೆ ಮೇಲಿನ 2, ಕೆಳಗಿನ 2 ಅಂಕ ಬಿಟ್ಟು, ಉಳಿದ ಮೂರನ್ನು ಕೂಡಿ, ಡೈವಿನ ಕಠಿಣತೆಯ ಅಂಕಿಯಿಂದ ಗುಣಿಸ್ತಾರೆ. 2.4ರ ಡೈವಿಗೆ ಮೂರೂ 5 ಬಂದರೆ 36. 1.7ರ ಸುಲಭದ ಡೈವಿಗೆ ಮೂರೂ 7.5 ಬಂದರೆ 38.25!

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಮಾರ್ಜೊರಿ ಗೆಸ್ಟ್ರಿಂಗ್ 13ಕ್ಕೇ ಸ್ಪ್ರಿಂಗ್‌ಬೋರ್ಡ್ ಚಿನ್ನ ಗೆದ್ದಿದ್ದು ನಿಜ. ಅದನ್ನೇ ಅಳತೆಗೋಲು ಮಾಡ್ಕೋಬೇಡಿ.

ಕೋಚ್ ಹತ್ತಿರ ‘ಯಾವಾಗ ಬಿಡ್ತೀರಿ’ ಅನ್ನೋ ಬದಲು ‘ಯಾವ ಡೈವ್ ಸರಿಹೋದ್ರೆ ಬಿಡ್ತೀರಿ’ ಅಂತ ಕೇಳಿ ನೋಡಿ.