ಗುಣವಾದವರ ಎಣಿಕೆ ಪುರಾವೆಯಲ್ಲ

ಪ್ರಶ್ನೆ: ನಾನು ಕುಟುಂಬ ವೈದ್ಯ. ಕೆಮ್ಮಿಗೆ ಒಂದೇ ಸಿರಪ್ ಕೊಡುತ್ತ ಬಂದಿದ್ದೇನೆ. ಹೆಚ್ಚಿನವರು ಹತ್ತು ದಿನಗಳಲ್ಲಿ ಗುಣವಾಗುತ್ತಾರೆ. ಇದನ್ನು ಪ್ರಕಟಿಸಲು ಹೋಲಿಕೆಯ ಗುಂಪು, ಅಂದರೆ ಆ ಸಿರಪ್ ಪಡೆಯದ ರೋಗಿಗಳ ಗುಂಪು, ಬೇಕೇ ಬೇಕೆ?

ಉತ್ತರ: ಬೇಕು. ಔಷಧದ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ. ಸಾಮಾನ್ಯ ಕೆಮ್ಮು ಚಿಕಿತ್ಸೆಯಿಲ್ಲದೆಯೂ ಸರಾಸರಿ 18 ದಿನಗಳಲ್ಲಿ ಹೋಗುತ್ತದೆ ಎಂಬುದನ್ನು 2013ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ತೋರಿಸಿದೆ. ಜನರು ಮಾತ್ರ ಅದು ಏಳರಿಂದ ಒಂಬತ್ತು ದಿನಗಳಲ್ಲಿ ಹೋಗುತ್ತದೆಂದು ನಿರೀಕ್ಷಿಸುತ್ತಾರೆ. ಒಂದು ವಾರ ಕಾದು, ಕೆಮ್ಮು ತೀವ್ರವಾಗಿರುವಾಗಲೇ ಅವರು ನಿಮ್ಮಲ್ಲಿಗೆ ಬರುವುದರಿಂದ, ನೀವು ಏನನ್ನೇ ಕೊಟ್ಟರೂ ಅದು ಮುಂದಿನ ದಿನಗಳಲ್ಲಿ ಇಳಿಯುತ್ತದೆ, ಕೀರ್ತಿ ಸಿರಪ್ಪಿಗೆ ಸಲ್ಲುತ್ತದೆ. ಗುಣವಾಗದವರು ಬೇರೆ ವೈದ್ಯರ ಬಳಿಗೆ ಹೋಗಿ ನಿಮ್ಮ ಲೆಕ್ಕದಿಂದಲೇ ಜಾರಿಹೋಗುತ್ತಾರೆ. 'ಸಾವಿರಾರು ಮಂದಿ ಗುಣಮುಖ' ಎಂದು ಜಾಹೀರಾತು ಕೊಡುವ ನಕಲಿ ವೈದ್ಯರ ಬಂಡವಾಳವೂ ಇಷ್ಟೇ. ಅವರ ಸಾಲಿನಲ್ಲಿ ನಿಲ್ಲಲು ನಿಮಗೆ ಇಷ್ಟವಿರಲಾರದು.

ಕಳೆದ ವರ್ಷದ ರೋಗಿಗಳನ್ನು ಹೋಲಿಕೆಗೆ ತರಬೇಡಿ. ದಿನ ಬಿಟ್ಟು ದಿನ ಸಿರಪ್ ಕೊಡುವ ಉಪಾಯವೂ ಬೇಡ: ಇಂದು ಯಾವ ದಿನವೆಂದು ತಿಳಿದಿರುವ ವೈದ್ಯರು, ತಮಗರಿವಿಲ್ಲದೆಯೇ, ಹೆಚ್ಚು ನರಳುವವರನ್ನು ನಾಳೆ ಬರಹೇಳುತ್ತಾರೆ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ (ಕ್ಷಯರೋಗದ ಔಷಧ) ಪ್ರಯೋಗದಲ್ಲಿ ಯಾರಿಗೆ ಏನೆಂಬುದನ್ನು ಮೊಹರು ಮಾಡಿದ ಲಕೋಟೆಗಳಲ್ಲಿ ಇಟ್ಟದ್ದು ಇದೇ ಕಾರಣಕ್ಕೆ. ಯಾದೃಚ್ಛಿಕ (ಚೀಟಿ ಎತ್ತಿದಂತಹ) ಹಂಚಿಕೆ, ಮುಚ್ಚಿಟ್ಟ ಕ್ರಮ, ನೋಟದಲ್ಲೂ ರುಚಿಯಲ್ಲೂ ಅದೇ ಸಿರಪ್ಪಿನಂತಿದ್ದು ಔಷಧವಿಲ್ಲದ ಪ್ಲಸೀಬೊ, ಈ ಮೂರೂ ಬೇಕು. ಕುಟುಂಬ ವೈದ್ಯರಿಗೆ ಇದು ಅಸಾಧ್ಯವೆನ್ನಬೇಡಿ: ಯುರೋಪಿನ 12 ದೇಶಗಳ ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ, ನ್ಯುಮೋನಿಯಾದ ಶಂಕೆಯಿಲ್ಲದೆ ಕೆಮ್ಮಿನಿಂದ ಬಂದ 2,061 ವಯಸ್ಕರ ಮೇಲೆ ಹೀಗೆಯೇ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್‌ನ ಪರೀಕ್ಷೆ ನಡೆಯಿತು, ತೊಂದರೆಯ ಅವಧಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಪ್ರಶ್ನೆ: ಹಾಗಾದರೆ ಚಿಕಿತ್ಸೆ ಹಂಚದೆ ನಡೆದದ್ದನ್ನು ಗಮನಿಸುವ ವೀಕ್ಷಣಾ ಅಧ್ಯಯನಗಳೆಲ್ಲ ವ್ಯರ್ಥವೇ?

ಉತ್ತರ: ನಾನು ಹಾಗೆಂದಿಲ್ಲ, ಚೀಟಿ ಎತ್ತಿ ಯಾರನ್ನೂ ಸಿಗರೇಟು ಸೇದಿಸಲಾಗದು, ಆದ್ದರಿಂದಲೇ ಧೂಮಪಾನದ ಹಾನಿ ತಿಳಿಯಲು ಸಂಶೋಧಕರಾದ ಡಾಲ್ ಮತ್ತು ಹಿಲ್ 1951ರಿಂದ ಬ್ರಿಟಿಷ್ ವೈದ್ಯರ ಬೆನ್ನುಹತ್ತಬೇಕಾಯಿತು.

ಪ್ರಶ್ನೆ: ಆಪ್ತಸಮಾಲೋಚನೆಯ ತರಬೇತಿ ಪಡೆದ ವೈದ್ಯರ ರೋಗಿಗಳನ್ನೇ, ಸಮಾಲೋಚನೆ ಪಡೆಯುವವರು ಮತ್ತು ಪಡೆಯದವರು ಎಂದು, ಎರಡು ಗುಂಪು ಮಾಡಬಹುದೇ?

ಉತ್ತರ: ಕಲಿತದ್ದನ್ನು ಅರ್ಧದಷ್ಟು ರೋಗಿಗಳ ಮುಂದೆ ಯಾವ ವೈದ್ಯರೂ ಮರೆಯಲಾರರು, ಆದ್ದರಿಂದ ತರಬೇತಿ ಇರುವವು, ಇಲ್ಲದವು ಎಂದು ಚಿಕಿತ್ಸಾಲಯಗಳನ್ನೇ ಹಂಚಿ, ಒಂದೊಂದು ಚಿಕಿತ್ಸಾಲಯದ ರೋಗಿಗಳೂ ಒಂದೊಂದು ಗುಂಪೆಂಬುದನ್ನು ವಿಶ್ಲೇಷಣೆಯಲ್ಲಿಯೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಪ್ರಶ್ನಾವಳಿ ಸಿದ್ಧವಾಗಿದೆ. ಯಾವ ಅಧ್ಯಯನ ವಿನ್ಯಾಸ ಸೂಕ್ತ?

ಉತ್ತರ: ಏನನ್ನು ತಿಳಿಯಬೇಕೆಂದಿದ್ದೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದು ಕಳುಹಿಸಿ. ಅಲ್ಲಿಯವರೆಗೆ ಪ್ರಶ್ನಾವಳಿಯನ್ನು ನಾನು ತೆರೆಯುವುದಿಲ್ಲ.